ಚಿರತೆ ಬಿಟ್ಟುಹೋದ ಮನೆ

ದೇವಲ್‌ಖೇತ್‌ನ ಶಾಲೆಗೆ ಹೊಸದಾಗಿ ಬಂದ ಭಾರತಿ ಮೇಡಂ, ಕಂಬಳಿ ಅಂಗಡಿಯ ಕುಂದನಲಾಲ್ ಸಾಹರು ಪಕ್ಕದ ಚಹಾದಂಗಡಿ ನೋಡಿ ಬಿಡುವ ನಿಟ್ಟುಸಿರನ್ನು ಕನಿಕರವೆಂದೇ ತಿಳಿದಿದ್ದರು. ಅದು ಶುದ್ಧ ಹೊಟ್ಟೆಕಿಚ್ಚು. ಆ ಅಂಗಡಿಯ ಗುಮಾನ್ ನೇಗಿಯ ಅಜ್ಜನನ್ನು ಹಿಂದೊಮ್ಮೆ ನರಭಕ್ಷಕ ಚಿರತೆ ಹೊತ್ತೊಯ್ದಿತ್ತು. ಈ ಬೆಟ್ಟದೂರಿನ ಚರಿತ್ರೆಯೆಂದರೆ ಅಷ್ಟೇ, ಅದನ್ನು ಕೇಳಲು ಬಂದವರೆಲ್ಲ ನೇಗಿಯ ಬೆಂಚಿನ ಮೇಲೇ ಕೂರುತ್ತಾರೆ. ಸಾಹರು ಕಂಬಳಿ ಕೊಡವುತ್ತಾ, "ಆ ಅಜ್ಜ ಬರೀ ಮೂಳೆ ಚಕ್ಕಳ. ಚಿರತೆಗೆ ರುಚಿಯೇ ಗೊತ್ತಿರಲಿಲ್ಲ" ಎಂದು ಗೊಣಗುತ್ತಾರೆ. "ನಿಂಗ್ಯಾಕಯ್ಯಾ ಹೊಟ್ಟೆಯುರಿ? ನಿಮ್ಮಜ್ಜ ಹಾಸಿಗೇಲಿ ಸತ್ತ, ಅದನ್ನ ಯಾರು ಕೇಳ್ತಾರೆ?" ಎಂದು ನೇಗಿ ಅಲ್ಲಿಂದಲೇ ಕೂಗುತ್ತಾನೆ. ತಮ್ಮಜ್ಜ ಒಮ್ಮೆ ಕರಡಿಗೆ ಎದುರು ನಿಂತು ಬೈದಿದ್ದರೆಂದು ಸಾಹರೂ ಹೇಳಿ ನೋಡಿದರು. ಕೇಳಲೆಂದು ಯಾರೂ ಚಹಾದ ಲೋಟ ಕೆಳಗಿಡಲಿಲ್ಲ. ಆದರೆ ಹಿಮ ಬಿದ್ದರೂ ಸಾಹರು ಅಜ್ಜನ ಕಾಲದ ಆ ಮನೆಯಂಗಡಿಯ ಬಾಗಿಲಿಗೆ ಅಗುಳಿ ಹಾಕುವುದಿಲ್ಲ, ಅಗುಳಿಯನ್ನೇ ಕೀಳಿಸಿಬಿಟ್ಟಿದ್ದಾರೆ. ಒಂದು ಸಂಜೆ ಆ ತೆರೆದ ಬಾಗಿಲಲ್ಲಿ ನಡುಗುತ್ತಾ ಕಂಬಳಿ ಆರಿಸುತ್ತಿದ್ದ ಮೇಡಂ ಕೇಳಿಯೇಬಿಟ್ಟರು: "ಅಲ್ಲಾ ಸಾಹ್‌ಜೀ, ಅಕ್ಕಪಕ್ಕದ ಮನೆಗಳು. ಚಿರತೆ ನಿಮ್ಮಜ್ಜನನ್ನ ಮಾತ್ರ ಯಾಕೆ ಬಿಡ್ತು?" ಸಾಹರು ನೇಗಿಯ ಬೆಂಚಿನತ್ತ ಒಮ್ಮೆ ನೋಡಿದರು. "ಆ ರಾತ್ರಿ ಅವರಜ್ಜ ನಮ್ಮ ಬಾಗಿಲು ಬಡೀತಿದ್ರು, ಮೇಡಂ. ನಮ್ಮಜ್ಜ ತೆಗೀಲಿಲ್ಲ."