ತಂಗಿಯ ಮನೆಯ ನೀರು

ಕಲಬುರಗಿಯಲ್ಲಿ ಇಳಿದು ಸೀದಾ ಕಮಲಾಪುರಕ್ಕೆ ಬಂದು, ತಂಗಿ ಶಾಂತಾಳ ಪಡಸಾಲೆಯಲ್ಲಿ ಕೂತಿದ್ದೇವೆ. ಮನೆಯವರೆಲ್ಲ ತಾಮ್ರದ ಕೊಡದ ನೀರು ಕುಡಿಯುತ್ತಿದ್ದಾರೆ. ಮಸ್ಕತ್‌ನಿಂದ ಬಂದ ಗಂಡ-ಹೆಂಡತಿ ನಮ್ಮಿಬ್ಬರ ಮುಂದೆ ಮಾತ್ರ ಅಂಗಡಿಯ ಸೀಲ್ ಬಾಟಲಿ. ಪ್ರೀತಿಯೋ, ಟಾಂಟೋ? ಐ ವಾಸ್ ನಾಟ್ ಶ್ಯೂರ್.

“ನನಗೂ ಕೊಡದ ನೀರೇ ಕೊಡು, ಪ್ಲೀಸ್” ಅಂದೆ.

“ಬ್ಯಾಡವಾ ಅಕ್ಕಾ. ಹೋದ ಸಲ ಮಾಮಾರ ಹೊಟ್ಟಿ ಕೆಟ್ಟು, ನಮ್ಮ ನೀರಿನ ಹೆಸರು ಗಾಜಿಪುರ ತನಕ ಹೋಗ್ಯದ. ಬಾಳಿಹಣ್ಣ ತಿನ್ರಿ, ಅದಕ್ಕರ ಸಿಪ್ಪಿ ಅದ.”

ನನ್ನ ಹಸ್ಬೆಂಡ್ ತಲೆ ತಗ್ಗಿಸಿ ಕೆಂಪು ಬಾಳೆಹಣ್ಣು ಸುಲಿಯತೊಡಗಿದರು. ಕಲಬುರಗಿಯ ಗಾಜಿಪುರದಲ್ಲಿರುವ ತಮ್ಮ ಅಣ್ಣನಿಗೆ ಫೋನಿನಲ್ಲಿ ನೀರಿನ ಮಾತು ಆಡಿದ್ದು ಅವರೇ.

ನಾನೇ ಎದ್ದು ಹೋಗಿ, ಕೊಡದಿಂದ ಚರಿಗೆ ತುಂಬಿ, ಎತ್ತಿ ಕುಡಿದೆ. ತಣ್ಣಗೆ, ಒಂಚೂರು ತಾಮ್ರದ ರುಚಿ. ಅವ್ವನ ಅಡುಗೆಮನೆಯ ಕತ್ತಲೆಯೇ ಗಂಟಲಿಗೆ ಇಳಿದಂತಾಯಿತು. ಇನ್ನು ಈ ಮನೆಯಲ್ಲಿ ನಾನು ಗೆಸ್ಟ್ ಅಲ್ಲ ಅಂದುಕೊಂಡೆ.

ಶಾಂತಾ ನನ್ನ ಮುಖವನ್ನೇ ನೋಡುತ್ತಿದ್ದಳು. ಊಟವಾಗಿ ನಾನು ಬಚ್ಚಲಿಗೆ ಹೋದರೆ ಹಿಂದೆಯೇ ಬಂದು ಬಾಗಿಲ ಹೊರಗೆ ನಿಂತಳು.

“ಅಕ್ಕಾ, ಖರೇ ಹೇಳು. ಬರೇ ಕೈ ತೊಳ್ಕೊಳ್ಳಾಕ ಹೋಗೀದಿ, ಹೌದಿಲ್ಲೋ?”