ಬಲಕ್ಕೆ ತಿರುಗಿದರೆ ಹಾರ್ನು

ಎರಡು ಸಾವಿರದ ಇಸವಿ ಹುಟ್ಟಿದ ಕ್ಷಣ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಜಗತ್ತು ಹೆದರಿಕೊಂಡಿದ್ದ ಕಾಲ. ಹಾಗೆ ಹೆದರುವುದೇ ನನ್ನ ಉದ್ಯೋಗವಾಗಿತ್ತು. ಡಲ್ಲಾಸಿನ ಉತ್ತರಕ್ಕೆ ಅಲೆನ್‌ನಲ್ಲಿ ಮನೆ, ಪ್ಲೇನೋದಲ್ಲಿ ಆಫೀಸು. ದಿನವಿಡೀ ಹಳೆಯ ಪ್ರೋಗ್ರಾಮುಗಳಲ್ಲಿ ಏನೇನು ಕೆಡಬಹುದು ಎಂದು ಹುಡುಕುವುದು. ಹುಟ್ಟಿದಾಗಿನಿಂದ ಪುಕ್ಕಟೆ ಮಾಡಿಕೊಂಡು ಬಂದಿದ್ದ ಕೆಲಸಕ್ಕೆ ನಡುವಯಸ್ಸಿನಲ್ಲಿ ಸಂಬಳ ಬರತೊಡಗಿತ್ತು. ಅಂಥವನು ಹಳೇ ಕಾರು ಕೊಳ್ಳಬಾರದು. ಕೊಂಡೆ.

ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ ನಿವೃತ್ತ ಎಂಜಿನಿಯರೊಬ್ಬರು ಮಾರಿದ ಕಾರು. ನನಗಿಂತ ಎರಡು ವರ್ಷ ಚಿಕ್ಕದು, ತಿಳಿನೀಲಿ ಬಣ್ಣ, ಎಮ್ಮೆಯಷ್ಟು ಸಂಕೋಚ. ಆಯುಷ್ಯವೆಲ್ಲ ರಾಕೆಟ್ಟುಗಳ ಲೆಕ್ಕ ಹಾಕಿದ ಮನುಷ್ಯ, ಆದರೆ ಅವರ ಡ್ಯಾಶ್‌ಬೋರ್ಡಿನಲ್ಲಿ ಒಂದು ಮುಳ್ಳೂ ಅಲುಗುತ್ತಿರಲಿಲ್ಲ. ಪೆಟ್ರೋಲು ಯಾವಾಗಲೂ ಅರ್ಧ, ಎಂಜಿನ್ನಿನ ಬಿಸಿ ಯಾವಾಗಲೂ ಹದ, ವೇಗ ಯಾವಾಗಲೂ ಸೊನ್ನೆ. ಸ್ಟೀರಿಂಗ್ ಚಕ್ರ ಬೀಳಲಿರುವ ಹಲ್ಲಿನಂತೆ ಅಲ್ಲಾಡುತ್ತಿತ್ತು. "ಎಂಜಿನ್ ಚೆನ್ನಾಗಿದೆ, ಉಳಿದದ್ದು ಬರೀ ಮಾಹಿತಿ" ಎಂದರು. ಮಾಹಿತಿಯಿಲ್ಲದೆ ನನಗೆ ನಿದ್ದೆ ಬರುವುದಿಲ್ಲವೆಂದು ಪಾಪ ಅವರಿಗೇನು ಗೊತ್ತು.

ಟ್ರೈಲರಿನ ಮೇಲೆ ಬಂದ ಕಾರು ಮನೆಮುಂದಿನ ಡ್ರೈವ್‌ವೇಯಲ್ಲಿ ನಿಂತಿತು. ಗ್ಯಾರೇಜು ಹೆಂಡತಿಯ ಹೊಸ ಕಾರಿಗೆ. ಆಲಿಕಲ್ಲು ಬೀಳುವ ಊರು, ಆ ಬಗ್ಗೆ ಚರ್ಚೆಯಿಲ್ಲ. ಬೇಸಗೆ ಕಳೆಯುವ ಹೊತ್ತಿಗೆ ಬಡಾವಣೆಯ ಸಂಘದ ಅಧ್ಯಕ್ಷೆ ಬಂದರು. ನಮ್ಮ ರಸ್ತೆ ದೊಡ್ಡ ರಸ್ತೆಗೆ ಸೇರುವ ಮೂಲೆಯಲ್ಲಿ ಅವರ ಮನೆ. ಬೆಳ್ಳಿಕೂದಲಿನ, ನಗುವ ಮುಂಚೆ ಎರಡು ಸಲ ಯೋಚಿಸುವ ಹೆಂಗಸು. ಓಡದ ಕಾರನ್ನು ಬೀದಿಗೆ ಕಾಣುವಂತೆ ಇಡುವಂತಿಲ್ಲ ಎಂದರು. ಅಕ್ಟೋಬರ್ ಮುಗಿಯುವುದರೊಳಗೆ ಅದು ಓಡಬೇಕು, ಮುಂದಿನ ಗಾಜಿನ ಮೇಲೆ ಸರ್ಕಾರಿ ತಪಾಸಣೆಯ ಸ್ಟಿಕರ್ ಇರಬೇಕು. ಅಷ್ಟಾದ ಮೇಲೂ ಇಟ್ಟುಕೊಳ್ಳಬಹುದೋ ಇಲ್ಲವೋ ಸಂಘದ ಸಭೆ ತೀರ್ಮಾನಿಸುತ್ತದೆ. ಬೇಡವೆಂದರೆ ಎಳೆದೊಯ್ಯುವ ಲಾರಿ ಬರುತ್ತದೆ.

"ಲಾರಿಯವ್ರಿಗೆ ಕಾಫಿ ನಾನೇ ಮಾಡ್ಕೊಡ್ತೀನಿ" ಎಂದಳು ಹೆಂಡತಿ, ಅವರು ಹೋದ ಮೇಲೆ.

ಡ್ಯಾಶ್‌ಬೋರ್ಡಿನ ಮೀಟರುಗಳನ್ನೂ ಸ್ಟೀರಿಂಗಿನ ಕಂಬವನ್ನೂ ಬಿಚ್ಚಿ ಊಟದ ಮೇಜಿನ ಮೇಲೆ ಹರಡಿದೆ. ಹತ್ತಿ ಸುತ್ತಿದ ಕಡ್ಡಿಯಿಂದ ಮೀಟರುಗಳ ಮುಖ ಒರೆಸಿದೆ, ಉಸಿರು ಬಿಗಿಹಿಡಿದು ಮುಳ್ಳುಗಳಿಗೆ ಕಿತ್ತಳೆ ಬಣ್ಣ ಬಳಿದೆ, ಆಸ್ಟಿನ್ನಿನ ಹಳೇ ಸಾಮಾನಿನ ಅಂಗಡಿಯಿಂದ ಗಾಜು ತಂದೆ. ಸ್ಕ್ರೂಗಳು ಬೆರೆಯದಿರಲೆಂದು ಇಡ್ಲಿ ತಟ್ಟೆಯ ಒಂದೊಂದು ಕುಳಿಯಲ್ಲಿ ಒಂದೊಂದು ಜಾತಿ ಇಟ್ಟೆ. ಇದಕ್ಕಿಂತ ಒಳ್ಳೆಯ ಏರ್ಪಾಡು ಯಾವ ಗ್ಯಾರೇಜಿನಲ್ಲೂ ಇಲ್ಲ ಎಂಬುದು ನನ್ನ ಈಗಿನ ಅಭಿಪ್ರಾಯವೂ ಹೌದು.

"ಭಾನುವಾರ ಇಡ್ಲಿ ಬೇಕು ಅಂದ್ರಲ್ಲ, ಇದನ್ನೇ ಬೇಯಿಸ್ಲಾ?" ಎಂದಳು.

ಎಲ್ಲ ಜೋಡಿಸಿ ಮುಗಿಸಿದಾಗ ಒಂದು ವಾಷರ್ ಮಿಕ್ಕಿತು. ಅದು ಎಲ್ಲಿಯದೆಂದು ಇವತ್ತಿಗೂ ತಿಳಿದಿಲ್ಲ.

ಆಯುಧಪೂಜೆ ಬಂತು. ಹೆಂಡತಿಗೆ ಆ ಕಾರಿನ ಮೇಲಿನ ಸಿಟ್ಟೇ ಬೇರೆ, ಪೂಜೆಯೇ ಬೇರೆ. ಮೀಟರುಗಳ ಹೊಸ ಗಾಜಿಗೆಲ್ಲ ಅರಿಶಿನ ಕುಂಕುಮ ಇಟ್ಟಳು. ದಾರ ಸಿಗಲಿಲ್ಲವೆಂದು ಬ್ರೆಡ್ ಪ್ಯಾಕೆಟ್ಟಿನ ಬಾಯಿ ಕಟ್ಟುವ ಪುಟ್ಟ ತಂತಿಯಿಂದ ಸೇವಂತಿಗೆಯನ್ನು ಸ್ಟೀರಿಂಗಿನ ಕಂಬಕ್ಕೆ ಬಿಗಿದಳು. ಚಕ್ರಗಳಡಿಯ ನಿಂಬೆಹಣ್ಣು ಪಚಕ್ಕೆಂದಿತು, ಕಾರು ಹೊರಟಿತು. ಹೆಂಡತಿ ಪಕ್ಕದಲ್ಲಿ, ಮಗಳು ಹಿಂದೆ.

ಮೂಲೆಯಲ್ಲಿ ಬಲಕ್ಕೆ ತಿರುಗಿಸಿದೆ. ಪೋಂ.

ನಾನು ಒತ್ತಿರಲಿಲ್ಲ. ಹುಲ್ಲಿಗೆ ನೀರು ಬಿಡುತ್ತಿದ್ದ ಅಧ್ಯಕ್ಷೆ ಬೆಚ್ಚಿ ನೋಡಿದರು. ಮುಂದಿನ ಬಲತಿರುವಿನಲ್ಲೂ ಪೋಂ, ಅಲ್ಲೊಬ್ಬರು ಕೈಯೆತ್ತಿದರು. ಎಡಕ್ಕೆ ತಿರುಗಿದರೆ ಮೌನ, ಬಲಕ್ಕೆ ತಿರುಗಿದರೆ ಪೋಂ. ಹಾರ್ನನ್ನೇ ಮರೆತಿದ್ದ ಊರು ಅದು. ಮೈಸೂರಿನಲ್ಲಾಗಿದ್ದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಇಲ್ಲಿ ಇಡೀ ಬಡಾವಣೆ ತಲೆಯೆತ್ತಿ ನನಗೆ ಕೈಬೀಸಿತು. ನಾನೂ ಬೀಸಿದೆ, ಇನ್ನೇನು ಮಾಡಲಿ.

"ಡ್ಯಾಡ್, ಪ್ಲೀಸ್ ಸ್ಟಾಪ್ ಸೇಯಿಂಗ್ ಹಾಯ್ ಟು ಎವ್ರಿಬಡಿ" ಎಂದಳು ಮಗಳು, ಹಿಂದಿನ ಸೀಟಿನಲ್ಲಿ ಅಡಗಿ ಕೂತು.

ಮತ್ತೆ ಬಿಚ್ಚಿದರೆ ಜೋಡಿಸುವುದರೊಳಗೆ ತಿಂಗಳು ಮುಗಿಯುತ್ತದೆ. ಹಾರ್ನಿನ ತಂತಿ ಕಿತ್ತರೆ ಹಾರ್ನಿಲ್ಲದ ಕಾರಿಗೆ ಸ್ಟಿಕರ್ ಇಲ್ಲ. ಯೂಲೆಸ್‌ನಲ್ಲಿದ್ದ ಧಾರವಾಡದ ಗೆಳೆಯರನ್ನು ಕರೆಸಿದೆ. ಅವರು ಮಕ್ಕಳ ಡಾಕ್ಟರು. ಕಾರಿನ ವಿಷಯ ಏನೂ ತಿಳಿಯದಿದ್ದರೂ ನನ್ನನ್ನು ಸಮಾಧಾನಪಡಿಸುವುದು ಚೆನ್ನಾಗಿ ಬರುತ್ತಿತ್ತು. ಬಂದವರೇ ಸ್ಟೆತೊಸ್ಕೋಪ್ ತೆಗೆದು ಸ್ಟೀರಿಂಗಿನ ಕಂಬಕ್ಕೆ ಹಚ್ಚಿದರು.

"ಎಡಕ್ಕ ಹೊಳ್ಳಸ್ರಿ... ಹಾಂ. ಈಗ ಬಲಕ್ಕ."

ಪೋಂ. ಡಾಕ್ಟರು ಕಿವಿ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ, "ಎದಿ ಸ್ವಚ್ಛ ಅದ್ರೀ. ತ್ರಾಸು ಗಂಟಲದಾಗ ಅದ" ಎಂದರು.

"ಏನು ಮಾಡೋದು ಡಾಕ್ಟ್ರೇ?"

"ಬಲಕ್ಕ ಹೊಳ್ಳಸಬ್ಯಾಡ್ರಿ."

ಅದೇ ಪಥ್ಯವಾಯಿತು. ಬಲಕ್ಕೆ ಹೋಗಬೇಕೆಂದರೆ ಒಂದು ಬೀದಿ ಮುಂದೆ ಹೋಗಿ ಮೂರು ಸಲ ಎಡಕ್ಕೆ ಸುತ್ತಿ ಬರುವುದು. ಹೆಂಡತಿಗೆ ಇದೂ ಸರಿಬರಲಿಲ್ಲ. "ಬರೀ ಎಡಕ್ಕೆ ಸುತ್ತಿದ್ರೆ ಅಪ್ರದಕ್ಷಿಣೆ ಕಣ್ರೀ. ಊರಿಗೆಲ್ಲ ಅಪ್ರದಕ್ಷಿಣೆ ಹಾಕ್ಕೊಂಡ್ ಬಂದು ಆಮೇಲೆ ಸ್ಟಿಕರ್ ಸಿಗ್ಲಿಲ್ಲ ಅಂತ ನನ್ ಮುಂದೆ ಅಳ್ಬೇಡಿ." ಏನೇ ಸುತ್ತಿದರೂ ಅಧ್ಯಕ್ಷೆಯ ಮೂಲೆಯೊಂದನ್ನು ತಪ್ಪಿಸುವಂತಿರಲಿಲ್ಲ, ವಾಹನಗಳು ಬಲಬದಿಯಲ್ಲಿ ಓಡುವ ದೇಶ, ದೊಡ್ಡ ರಸ್ತೆಯ ನಡುವೆ ಕಟ್ಟೆ ಬೇರೆ ಇದ್ದುದರಿಂದ ಅಲ್ಲಿ ಬಲಕ್ಕೇ ಹೋಗಬೇಕು. ಹೊರಟಾಗಲೆಲ್ಲ ಪೋಂ. ಮೊದಮೊದಲು ಅವರು ನನ್ನನ್ನು ದಿಟ್ಟಿಸುತ್ತಿದ್ದರು. ಬರಬರುತ್ತ ಗದ್ದ ಅಲುಗಿಸಿದರು. ಕೊನೆಗೆ ನೀರಿನ ಪೈಪನ್ನೇ ಎತ್ತಿ ಬೀಸತೊಡಗಿದರು.

ತಿಂಗಳ ಕೊನೆಯ ವಾರ ತಪಾಸಣೆಗೆ ಹೋದೆ. ಈಗ ಮುಳ್ಳುಗಳೆಲ್ಲ ಅಲುಗುತ್ತಿದ್ದವು, ಅದೇ ಹೊಸ ಸಂಕಟ. ಬಿಸಿಯ ಮುಳ್ಳು ಕೂದಲೆಳೆಯಷ್ಟು ಮೇಲೇರಿದರೂ ನನ್ನ ಎದೆ ಜೊತೆಯಲ್ಲೇ ಏರುತ್ತಿತ್ತು. ದಾರಿಗಿಂತ ಹೆಚ್ಚಾಗಿ ಅದನ್ನೇ ನೋಡಿಕೊಂಡು ಹೇಗೋ ತಲುಪಿದೆ. ತಪಾಸಣೆಯವನು ದೀಪ ನೋಡಿದ, ಬ್ರೇಕು ನೋಡಿದ, ಹಾರ್ನು ಒತ್ತಲು ಹೇಳಿದ. ಒತ್ತಿದೆ. ಚಕ್ರ ಎರಡೂ ಕಡೆ ತಿರುಗಿಸಿ ಎಂದ. ಎಡಕ್ಕೆ ತಿರುಗಿಸಿ, ದೇವರನ್ನು ನೆನೆದು, ಬಲಕ್ಕೆ ತಿರುಗಿಸಿದೆ. ಪೋಂ. ಹಾರ್ನು ಆಗಲೇ ಕೇಳಿಸಿತು ಎಂದ. ಇನ್ನೊಮ್ಮೆ ತಿರುಗಿಸಿ ಎಂದ. ಪೋಂ. ಹಾರ್ನಿನ ಬಗ್ಗೆ ತನಗೆ ಯಾವ ಸಂಶಯವೂ ಉಳಿದಿಲ್ಲ, ದಯವಿಟ್ಟು ನಿಲ್ಲಿಸಿ ಎಂದು ಸ್ಟಿಕರ್ ಅಂಟಿಸಿಬಿಟ್ಟ.

ಸಂಘದ ಸಭೆಯಾದ ಮರುದಿನ ಅಧ್ಯಕ್ಷೆ ಮನೆಗೆ ಬಂದರು. ಬಣ್ಣ ಕಣ್ಣಿಗೆ ಚುಚ್ಚುತ್ತದೆ ಎಂದು ಇಬ್ಬರು ತಕರಾರು ಎತ್ತಿದ್ದರಂತೆ. "ನಾನೇ ಅವರ ಬಾಯಿ ಮುಚ್ಚಿಸಿದೆ. ಈ ಬೀದಿಯಲ್ಲಿ ಎಷ್ಟೋ ವರ್ಷದಿಂದ ಇದ್ದೇನೆ, ಹೋಗುವಾಗ ಒಂದು ಸಲವೂ ತಪ್ಪದೆ ಮಾತಾಡಿಸುವ ಮನುಷ್ಯ ಇವರೊಬ್ಬರೇ ಎಂದೆ" ಎಂದು ಹೆಂಡತಿಗೆ ಹೇಳಿದರು. ಕಾರು ಇರಬಹುದು. ವರ್ಷಕ್ಕೊಮ್ಮೆ ಮತ್ತೆ ಸಭೆಯಲ್ಲಿ ವಿಚಾರ ಮಾಡುತ್ತಾರೆ.

ಆ ವಾರವೇ ಹೆಂಡತಿ ಒಣಗಿದ ಸೇವಂತಿಗೆ ತೆಗೆಯಲು ಹೋದಾಗ ಬ್ರೆಡ್ಡಿನ ತಂತಿ ಕೈಗೆ ಬರಲಿಲ್ಲ. ಅದರ ತುದಿ ಚಕ್ರಕ್ಕೂ ಕಂಬಕ್ಕೂ ನಡುವಿನ ಸಂದಿಯಲ್ಲಿ ಇಳಿದು, ಬಲಕ್ಕೆ ತಿರುಗಿಸಿದಾಗಲೆಲ್ಲ ಹಾರ್ನಿನ ಹಿತ್ತಾಳೆ ಬಳೆಯನ್ನು ಮುಟ್ಟುತ್ತಿತ್ತು. ಎಳೆದಳು, ಬಂತು. ಕಾರು ಮೌನವಾಯಿತು. ನಾನು ಎರಡೂ ಕಡೆ ಮನಸಾರೆ ತಿರುಗಿದೆ.

ಹೆಚ್ಚು ದಿನ ಕಳೆಯಲಿಲ್ಲ, ಅಧ್ಯಕ್ಷೆ ಆಪಲ್ ಪೈ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ, ತಮ್ಮಿಂದ ಏನಾದರೂ ತಪ್ಪಾಯಿತೇ, ಬೀದಿಯವರೆಲ್ಲ ಕೇಳುತ್ತಿದ್ದಾರೆ ಎಂದರು. ನಾನು ಪೈ ತೆಗೆದುಕೊಂಡೆ. ಅವರು ಹೋದ ಮೇಲೆ ಹೆಂಡತಿ ಪೈ ಕತ್ತರಿಸುತ್ತ ಹೇಳಿದಳು: "ಕಾರು ಬೇಕು ತಾನೆ? ಒತ್ರೀ."

ಅಂದಿನಿಂದ ನಾನೇ ಒತ್ತತೊಡಗಿದೆ. ಎಷ್ಟು ಹೊತ್ತು ಒತ್ತಿದರೆ ವಿಶ್ವಾಸ, ಎಷ್ಟಾದರೆ ಜಗಳ ಎಂಬ ಚಿಂತೆ ಬೇರೆ. ಚಳಿಗಾಲದ ಒಂದು ಬೆಳಿಗ್ಗೆ ಮೂಲೆಯಲ್ಲಿ ಒತ್ತಿದರೆ ಹಾರ್ನು ಬರಲೇ ಇಲ್ಲ. ಅಧ್ಯಕ್ಷೆ ಆಗಲೇ ಕೈಯೆತ್ತಿ ಕಾಯುತ್ತಿದ್ದರು. ಗಾಜು ಇಳಿಸಿ, ತಲೆ ಹೊರಗೆ ಹಾಕಿ, ಬಾಯಲ್ಲೇ "ಪೋಂ" ಎಂದೆ. ಅವರು ಎರಡು ಸಲ ಯೋಚಿಸಿ ಕೈಬೀಸಿದರು.

ಮುಂದಿನ ಸಭೆಯಲ್ಲಿ ಕಾರಿನ ವಿಷಯ ಯಾರೂ ಎತ್ತಲಿಲ್ಲವಂತೆ.