ನಾಲ್ಕನೇ ಬೀದಿಯ ನೀರಿನ ಲೆಕ್ಕ

ಲೆಕ್ಕದ ಟೀಚರಿಗೆ ಮಕ್ಕಳು ಇಟ್ಟ ಹೆಸರು ಸೊನ್ನೆ ಟೀಚರ್. ಇಪ್ಪತ್ತೆರಡು ವರ್ಷದಿಂದ ಒಂದೇ ಶಾಲೆ, ಒಂದೇ ಹಟ: ಉತ್ತರ ಸರಿಯಿದ್ದರೂ ಹಂತ ಬರೆಯದಿದ್ದರೆ ಸೊನ್ನೆ. ಸ್ವಂತ ಮಗಳೂ ಅದೇ ಶಾಲೆಯಲ್ಲಿ ಓದುವಾಗ ಒಮ್ಮೆ ಆ ಸೊನ್ನೆ ತಿಂದು, ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟಿದ್ದಳು. ಅಮ್ಮ ಜಗ್ಗಲಿಲ್ಲ. ಆ ಅಡ್ಡಹೆಸರು ತನ್ನ ಕಿವಿಗೂ ಬಿದ್ದಿದೆ ಎಂದು ಟೀಚರ್ ಯಾರಿಗೂ ತೋರಗೊಡಲಿಲ್ಲ. ಒಳಗೊಳಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಇಂಥವರ ಕೈಗೆ ಬ್ಲಾಗ್ ಬಂದದ್ದು ಒಂದು ತರಬೇತಿಯಿಂದ. ತಾವು ಬರೆದದ್ದನ್ನು ಊರೇ ಓದುತ್ತದೆ ಎಂದು ಗೊತ್ತಾದರೆ ಮಕ್ಕಳು ಮೈಯೆಲ್ಲ ಕಣ್ಣಾಗಿ ಬರೆಯುತ್ತಾರೆ ಎಂದು ಅಲ್ಲಿ ಹೇಳಿದ್ದರು. ಟೀಚರ್ ಮೂಗು ಮುರಿಯುತ್ತಲೇ ಶುರು ಮಾಡಿದರು. ನೋಟ್‌ಬುಕ್ಕಿನಲ್ಲಿ ಎರಡು ಸಾಲಿಗೆ ತಿಣುಕುತ್ತಿದ್ದ ಎಂಟನೇ ತರಗತಿ, ಬ್ಲಾಗಿನಲ್ಲಿ ಪುಟಗಟ್ಟಲೆ ಬರೆಯತೊಡಗಿತು. ಯಾರದೋ ಅಜ್ಜಿ ಕೆಳಗೆ ‘ಭೇಷ್’ ಎಂದು ಬರೆದದ್ದಕ್ಕೆ ಹಿಂದಿನ ಬೆಂಚಿನವರು ಒಂದು ವಾರ ಎದೆಯುಬ್ಬಿಸಿಕೊಂಡು ಓಡಾಡಿದರು. ಟೀಚರಿಗೂ ಅದರ ರುಚಿ ಹತ್ತಿತು.

ಅಂಕಿ ಅಂಶಗಳ ಪಾಠ ಬಂದಾಗ ಅವರು ಮಕ್ಕಳಿಗೆ ಒಂದು ಕೆಲಸ ಕೊಟ್ಟರು: ಎರಡು ವಾರ, ಮನೆಯ ನಲ್ಲಿಯಲ್ಲಿ ನೀರು ಬರುವ ಹೊತ್ತು, ನಿಲ್ಲುವ ಹೊತ್ತು ಬರೆದಿಡಿ. ದಿನಕ್ಕೆ ಎಷ್ಟು ಹೊತ್ತು ನೀರು ಬಂತೆಂಬ ಗ್ರಾಫಿನಲ್ಲಿ ಮೊದಲ ಮೂರು ಬೀದಿಗಳ ಕಂಬಗಳು ಎತ್ತರವಾಗಿ ನಿಂತವು, ನಾಲ್ಕನೆಯದು ಕುಳ್ಳಾಯಿತು. ಅದೇ ಬೀದಿಯ ಎರಡು ಜಡೆಯ ಹುಡುಗಿ ಅಡಿಯಲ್ಲಿ ಬರೆದಳು: ‘ನೀರುಗಂಟಿ ನಮ್ಮ ಬೀದಿಯ ವಾಲ್ವನ್ನು ಬೇಕೆಂದೇ ತಡವಾಗಿ ತೆಗೆಯುತ್ತಾರೆ.’ ಪ್ರಕಟಿಸುವ ಗುಂಡಿ ಟೀಚರ ಕೈಯಲ್ಲಿತ್ತು. ಅಂಕಿಗಳನ್ನು ಮೂರು ಸಲ ತಾಳೆ ನೋಡಿದರು. ಕೊನೆಯ ಸಾಲು ಓದಿ, ಹುಡುಗಿ ತಾನೇ ಯೋಚಿಸುವುದನ್ನು ಕಲಿತಳಲ್ಲ ಎಂದು ಹಿಗ್ಗಿ ಗುಂಡಿ ಒತ್ತಿದರು.

ಹನ್ನೆರಡು ದಿನದ ಮೇಲೆ, ಮಧ್ಯಾಹ್ನದ ಬಿಡುವಿನಲ್ಲಿ, ನೀರುಗಂಟಿಯೇ ಸ್ಟಾಫ್ ರೂಮಿನ ಬಾಗಿಲಿಗೆ ಬಂದರು. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯನ್ನು ಹೊರಗೆ ಗೋಡೆಗೆ ಒರಗಿಸಿ, ಚಪ್ಪಲಿಯ ಕೆಸರು ಉಜ್ಜಿ ಒಳಗೆ ಬಂದು, ಜೇಬಿನಿಂದ ಎರಡು ಕಾಗದ ತೆಗೆದರು.

“ಇದು ನಿಮ್ಮ ಮಕ್ಕಳು ಬರೆದಿದ್ದಂತೆ ಮೇಡಂ. ಯಾರೋ ಪ್ರಿಂಟ್ ತೆಗೆದು ನಮ್ಮ ಆಫೀಸಿಗೆ ಕೊಟ್ಟಿದಾರೆ. ಇದು ಆಫೀಸಿನೋರು ನನಗೆ ಕೊಟ್ಟಿದ್ದು.”

ಎರಡನೆಯದು ನೋಟೀಸು. ಸೋಮವಾರದೊಳಗೆ ಸರಿಯಾದ ಉತ್ತರ ಕೊಡದಿದ್ದರೆ ಕೆಲಸದಿಂದ ತೆಗೆಯಲಾಗುವುದು.

“ಹತ್ತೊಂಬತ್ತು ವರ್ಷ ಆಯ್ತು,” ಎಂದರು ಅವರು. “ಟ್ಯಾಂಕ್ ತುಂಬೋದು ಐದೂವರೆಗೆ. ನಾನು ದಿನಾ ಮೊದಲು ತೆಗೆಯೋದೇ ನಾಲ್ಕನೇ ಬೀದೀದು. ಮಿಕ್ಕಿದ್ದೆಲ್ಲ ಆರಕ್ಕೆ.”

“ಮತ್ತೆ ನೀರು ಯಾಕೆ ತಡ?”

“ದಿಣ್ಣೆ ಅಲ್ವಾ. ಪೈಪೂ ಸಣ್ಣದು. ಆರಕ್ಕೆ ಬೇರೆ ಬೀದಿಗೆ ಬಿಟ್ಟ ಕೂಡಲೇ ರಭಸ ಇಳಿದುಹೋಗುತ್ತೆ.”

ಟೀಚರ್ ಪ್ರಿಂಟಿನ ಕೊನೆಯ ಸಾಲನ್ನು ಮತ್ತೆ ಓದಿದರು. ಮಕ್ಕಳು ನೋಡಿದ್ದು ನಲ್ಲಿಯನ್ನು. ವಾಲ್ವನ್ನು ಯಾರೂ ನೋಡಿರಲಿಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ಇಲ್ಲಿ ಕಾಣುವ ಗೋಜಿಗೇ ಹೋಗಿರಲಿಲ್ಲ.

ಪಕ್ಕದ ಕೋಣೆಯಿಂದ ಬಂದ ಹೆಡ್‌ಮಾಸ್ಟರಿಗೆ ಶಾಲೆಯ ಮಾನದ ಚಿಂತೆ. “ಅಳಿಸಿಬಿಡಿ ಅದನ್ನ. ನಾಳೆಗೆ ಯಾರಿಗೂ ನೆನಪಿರಲ್ಲ.” ನಿಜ ಹೇಳಬೇಕೆಂದರೆ ಟೀಚರ ಬೆರಳೂ ಅತ್ತ ಕಡೆಗೇ ಹೊರಟಿತ್ತು. ಇಷ್ಟು ವರ್ಷದಲ್ಲಿ ಒಂದು ದಿನವೂ ತರಗತಿಯೆದುರು ‘ನನ್ನ ತಪ್ಪು’ ಎಂದವರಲ್ಲ ಆಕೆ.

“ಅಳಿಸಬೇಡಿ ಮೇಡಂ,” ಎಂದರು ನೀರುಗಂಟಿ. “ಓದಿದೋರ ತಲೇಲಿರೋದನ್ನ ಅಳಿಸೋಕಾಗುತ್ತಾ? ಅದರ ಕೆಳಗೇ ಬರೀರಿ.”

ಬರೆಯುವ ಮೊದಲು ಈ ಸಲ ಕಣ್ಣಾರೆ ನೋಡೋಣ ಎಂದು ಟೀಚರ್ ಮಕ್ಕಳನ್ನು ಕರೆದರು. ಶುಕ್ರವಾರ, ಶನಿವಾರ ಎರಡೂ ದಿನ ಬೆಳಿಗ್ಗೆ ಐದೂಕಾಲಕ್ಕೆ, ಕಣ್ಣುಜ್ಜಿಕೊಳ್ಳುತ್ತಿದ್ದ ಮಕ್ಕಳು ಅಪ್ಪ ಅಮ್ಮಂದಿರ ಜೊತೆ ವಾಲ್ವಿನ ಗುಂಡಿಯ ಸುತ್ತ ಸೇರಿದರು. ಎರಡು ಜಡೆಯವಳು ಕೀಲಿಗೆ ಜೋತು ಬಿದ್ದರೂ ಅದು ಕಾಲು ಸುತ್ತು ಕೂಡ ಅಲುಗಲಿಲ್ಲ. ನೀರುಗಂಟಿ ನಲವತ್ತೆರಡು ಸುತ್ತು ತಿರುಗಿಸಿದರು, ಮಕ್ಕಳು ಎಣಿಸಿದರು. ಐದೂವರೆಗೆ ಬಿಟ್ಟ ನೀರು ಹುಡುಗಿಯ ಮನೆಯ ನಲ್ಲಿಗೆ ಬಂದಾಗ ಆರು ಗಂಟೆ ನಲವತ್ತು ನಿಮಿಷ. ಮರುದಿನ ನಲವತ್ತೊಂದು.

“ಟೀಚರ್, ನಾನು ಒಂದು ಹಂತ ಬಿಟ್ಟುಬಿಟ್ಟೆ,” ಎಂದಳು ಹುಡುಗಿ.

“ನೀನು ಬಿಟ್ಟಿದ್ದನ್ನ ನೋಡಬೇಕಾದವಳು ನಾನಲ್ವೇನಮ್ಮ,” ಎಂದರು ಟೀಚರ್.

ಹಳೆಯ ಬರಹ ಹಾಗೇ ಉಳಿಯಿತು. ಅದರ ಕೆಳಗೆ ಹೊಸ ಅಂಕಿಗಳು ಬಂದವು, ಅವುಗಳ ಕೆಳಗೆ ಟೀಚರ ಮಾತು: ‘ನೀರುಗಂಟಿಯವರ ಬಗ್ಗೆ ಮೇಲೆ ಬರೆದ ಸಾಲು ಸುಳ್ಳು. ವಾಲ್ವ್ ತೆಗೆಯುವುದನ್ನು ನೋಡದೆಯೇ ತೀರ್ಮಾನ ಮಾಡಿದ್ದಾಯಿತು. ಪ್ರಕಟಿಸಿದವಳು ನಾನು. ಹಂತ ಬಿಟ್ಟ ಈ ಲೆಕ್ಕಕ್ಕೆ ನನಗೆ ಸೊನ್ನೆ.’ ತಮ್ಮ ಪೂರ್ತಿ ಹೆಸರು ಹಾಕಿ ಗುಂಡಿ ಒತ್ತುವಾಗ ಅವರಿಗೆ ತುಂಬಾ ನಾಚಿಕೆಯಾಯಿತು. ಒತ್ತಿದ ಮೇಲೆ ಸ್ವಲ್ಪ ಹಗುರವೂ ಆಯಿತು.

ಸೋಮವಾರ ಅದರ ಪ್ರಿಂಟ್ ಹಿಡಿದು ನೀರುಗಂಟಿಯ ಜೊತೆ ತಾವೇ ಆಫೀಸಿಗೆ ಹೋದರು. ನೋಟೀಸು ವಾಪಸಾಯಿತು. ದಿಣ್ಣೆಗೆ ದೊಡ್ಡ ಪೈಪು ಹಾಕುವ ವಿಷಯಕ್ಕೆ ಸಾಹೇಬರು ‘ನೋಡೋಣ’ ಎಂದರು. ಇನ್ನೂ ನೋಡುತ್ತಲೇ ಇದ್ದಾರೆ.

ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಟೀಚರ್ ತರಗತಿಯಲ್ಲಿ ಬ್ಲಾಗ್ ತೆರೆದರೆ ಅದೇ ಬರಹದ ಕೆಳಗೆ ಹೊಸ ಪ್ರತಿಕ್ರಿಯೆಯೊಂದು ಕಾದಿತ್ತು. ಗಟ್ಟಿಯಾಗಿ ಓದಿದರು: ‘ನಾನು ನೀರುಗಂಟಿ. ಟ್ಯಾಂಕ್ ಐದೂವರೆಗೇ ತುಂಬಿತ್ತು. ನಾನು ಬಂದಿದ್ದು ಐದೂ ಐವತ್ತಕ್ಕೆ. ಅದಕ್ಕೇ ಇವತ್ತು ನಾಲ್ಕೂ ಬೀದಿಗೆ ಇಪ್ಪತ್ತು ನಿಮಿಷ ತಡ. ಪೈಪಿನ ತಪ್ಪಲ್ಲ, ನನಗೆ ಎಚ್ಚರ ಆಗಲಿಲ್ಲ. ನನಗೂ ಒಂದು ಸೊನ್ನೆ ಹಾಕಿ.’

ತರಗತಿ ಟೀಚರ ಮುಖವನ್ನೇ ನೋಡುತ್ತಿತ್ತು.

“ಹಾಕ್ತೀರಾ ಟೀಚರ್?” ಎಂದಳು ಎರಡು ಜಡೆಯವಳು.

“ಯಾಕೆ ಹಾಕಲಿ? ಒಂದು ಹಂತಾನೂ ಬಿಡದೆ ಬರೆದಿದಾರಲ್ಲ,” ಎಂದರು ಟೀಚರ್. “ಹತ್ತಕ್ಕೆ ಹತ್ತು.”